ಅಣಬೆಯ ಸಾರವೂ ಅರ್ಬುದದ ಕೋಶವೂ

ಮುಂಗಾರು ಮಳೆ ಸುರಿದ ಮರುದಿನ ಹೊಲದ ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ, ಕೊಳೆತ ಮರದ ಬುಡದಲ್ಲಿ ಬಿಳಿಯ ಕೊಡೆ ಬಿಚ್ಚಿ ನಿಲ್ಲುವ ಅಣಬೆಯನ್ನು ಕಾಣದವರು ಕನ್ನಡ ನಾಡಿನಲ್ಲಿ ವಿರಳ. ಬೇರಿಲ್ಲ, ಎಲೆಯಿಲ್ಲ, ಹೂವಿಲ್ಲ, ಕಾಯಿಲ್ಲ, ಇರುಳು ಇಲ್ಲದಿದ್ದುದು ಬೆಳಗಾಗುವುದರೊಳಗೆ ಮೂಡಿ, ಬಿಸಿಲೇರುತ್ತಲೇ ಬಾಡಿಹೋಗುವ ಈ ಜೀವಿಯನ್ನು ಕಂಡು ಹಿಂದಿನವರು ಗುಡುಗಿನಿಂದ ಹುಟ್ಟಿದ್ದೆಂದು ಬಗೆದರು, ನಾಯಿಕೊಡೆಯೆಂದು ಹೀಗಳೆದರು. ಅಲ್ಪಕಾಲ ಮೆರೆದು ಅಳಿಯುವುದಕ್ಕೆಲ್ಲ ಅದು ಉಪಮಾನವಾಯಿತು. ಅಂಥ ತುಚ್ಛವೆನಿಸಿದ ವಸ್ತು ಇಂದು ದೇಶವಿದೇಶಗಳ ಪ್ರಯೋಗಾಲಯಗಳಲ್ಲಿ ಆದರದ ಸ್ಥಾನವನ್ನು ಪಡೆದಿದೆ. ಅದರ ಸಾರವು ಕ್ಯಾನ್ಸರ್ ರೋಗದ ಜೀವಕೋಶಗಳನ್ನು ಕೊಲ್ಲುತ್ತದೆಂಬ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಆ ಸುದ್ದಿಯ ಬೆನ್ನಿಗೇ ಪುಡಿ, ಗುಳಿಗೆ, ಕಷಾಯಗಳ ಮಾರಾಟವೂ ನಡೆಯುತ್ತದೆ.

ಈ ಸುದ್ದಿ ಸುಳ್ಳಲ್ಲ. ಆದರೆ ಅದರಿಂದ ಜನರು ತೆಗೆಯುವ ಅರ್ಥ ಬಹುಮಟ್ಟಿಗೆ ತಪ್ಪು. ಕೋಶವನ್ನು ಕೊಲ್ಲುವುದು ಬೇರೆ, ರೋಗಿಯನ್ನು ಗುಣಪಡಿಸುವುದು ಬೇರೆ. ಇವೆರಡರ ನಡುವಣ ದಾರಿ ಎಷ್ಟು ದೂರ, ಆ ದಾರಿಯಲ್ಲಿ ಅಣಬೆಯ ಸಂಶೋಧನೆ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಅರಿಯುವುದೇ ಈ ಲೇಖನದ ಉದ್ದೇಶ.

ಹೆಸರು ಮತ್ತು ಹಳೆಯ ತಿಳಿವು

ಸಂಸ್ಕೃತದಲ್ಲಿ ಅಣಬೆಗೆ ಛತ್ರಾಕ, ಕವಕ, ಶಿಲೀಂಧ್ರ ಮೊದಲಾದ ಹೆಸರುಗಳುಂಟು. ಛತ್ರವೆಂದರೆ ಕೊಡೆ, ಕನ್ನಡದ ನಾಯಿಕೊಡೆಯೂ ಸಂಸ್ಕೃತದ ಛತ್ರಾಕವೂ ಒಂದೇ ರೂಪವನ್ನು ಕಂಡು ಇಟ್ಟ ಹೆಸರುಗಳು. ಮನುಸ್ಮೃತಿಯು ಛತ್ರಾಕವನ್ನೂ ಕವಕವನ್ನೂ ನಿಷಿದ್ಧ ಆಹಾರಗಳಲ್ಲಿ ಸೇರಿಸಿದೆ. ಧರ್ಮಶಾಸ್ತ್ರವು ಹೀಗೆ ದೂರವಿಟ್ಟುದನ್ನು ವೈದ್ಯಶಾಸ್ತ್ರವು ಹತ್ತಿರ ಕರೆದು ಪರೀಕ್ಷಿಸಿತು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನಗಳ ಗುಣವನ್ನು ಹೇಳುವ ಅಧ್ಯಾಯವು ಅಣಬೆಯನ್ನು ಹುಟ್ಟುವ ಎಡೆಯನ್ನನುಸರಿಸಿ ಐದು ಬಗೆಯಾಗಿ ವಿಂಗಡಿಸುತ್ತದೆ: ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು. ಪ್ರತಿಯೊಂದಕ್ಕೂ ಬೇರೆಬೇರೆ ಗುಣವನ್ನು ಹೇಳಿದೆ. ಆಶ್ರಯ ಬದಲಾದರೆ ಗುಣವೂ ಬದಲಾದೀತೆಂಬ ಈ ಸೂಕ್ಷ್ಮವು ಇಂದಿನ ವಿಜ್ಞಾನಿಗೂ ಒಪ್ಪಿಗೆಯಾಗುವಂಥದು.

ಅದೇ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವೆಂಬ ರೋಗದ ವರ್ಣನೆಯಿದೆ. ದುಂಡಗಿರುವುದು, ಅಲುಗದೆ ನಿಲ್ಲುವುದು, ನೋವು ಕಡಿಮೆಯಿರುವುದು, ಬೇರು ಆಳವಾಗಿರುವುದು, ನಿಧಾನವಾಗಿ ಬೆಳೆಯುವುದು, ಕೀವುಗಟ್ಟದಿರುವುದು ಅದರ ಲಕ್ಷಣಗಳು. ಮೊದಲಿನ ಗಂಟಿನ ಮೇಲೆ ಮತ್ತೊಂದು ಎದ್ದರೆ ಅಧ್ಯರ್ಬುದವೆಂದು ಬೇರೆ ಹೆಸರೂ ಉಂಟು. ಇಂದು ಕ್ಯಾನ್ಸರಿಗೆ ಅರ್ಬುದವೆಂಬ ಪದವನ್ನು ಬಳಸುವುದು ರೂಢಿಯಾಗಿದೆಯಾದರೂ ಸುಶ್ರುತನ ಅರ್ಬುದದಲ್ಲಿ ನಿರಪಾಯದ ಗಂಟುಗಳೂ ಸೇರಿದ್ದಿರಬಹುದು. ಇಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ಐದು ಬಗೆಯ ಅಣಬೆಯ ಮಾತು ಬಂದಿರುವುದು ಆಹಾರದ ಪ್ರಕರಣದಲ್ಲಿ. ಅರ್ಬುದದ ಮಾತು ಬಂದಿರುವುದು ರೋಗನಿದಾನದ ಪ್ರಕರಣದಲ್ಲಿ. ಇವೆರಡನ್ನೂ ಗಂಟುಹಾಕಿ, ಅಣಬೆಯಿಂದ ಅರ್ಬುದ ಗುಣವಾಗುವುದೆಂದು ಪ್ರಾಚೀನರೇ ಸಾರಿದ್ದಾರೆಂದು ಹೇಳುವುದು ಗ್ರಂಥಕ್ಕೆ ಮಾಡುವ ಅಪಚಾರ.

ಅಣಬೆಯ ಸ್ವರೂಪ

ಅಣಬೆಯು ಸಸ್ಯವಲ್ಲ, ಪ್ರಾಣಿಯೂ ಅಲ್ಲ. ಶಿಲೀಂಧ್ರವೆಂಬ ಮೂರನೆಯ ಕುಲಕ್ಕೆ ಸೇರಿದ್ದು. ಕಣ್ಣಿಗೆ ಕಾಣುವ ಕೊಡೆಯು ಗಿಡಕ್ಕೆ ಹಣ್ಣಿದ್ದಂತೆ. ನಿಜವಾದ ದೇಹವು ನೂಲಿಗಿಂತ ಸೂಕ್ಷ್ಮವಾದ ಎಳೆಗಳ ಜಾಲವಾಗಿ ಮಣ್ಣಿನಲ್ಲೋ ಮರದಲ್ಲೋ ಹರಡಿರುತ್ತದೆ. ಹಸುರಿಲ್ಲದ ಕಾರಣ ತನ್ನ ಅನ್ನವನ್ನು ತಾನು ತಯಾರಿಸಿಕೊಳ್ಳಲಾರದು. ಸತ್ತ ವಸ್ತುವನ್ನು ಕೊಳೆಯಿಸಿ ಹೀರಿಕೊಳ್ಳುತ್ತದೆ, ಇಲ್ಲವೆ ಬದುಕಿರುವ ಮರಕ್ಕೆ ತಗುಲಿಕೊಳ್ಳುತ್ತದೆ. ಕೊಳೆಯುವ ಜಾಗದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳೊಡನೆ ಸೆಣಸಬೇಕಾದುದರಿಂದ ಬಗೆಬಗೆಯ ರಾಸಾಯನಿಕಗಳನ್ನು ತನ್ನೊಳಗೆ ನಿರ್ಮಿಸಿಕೊಂಡಿರುತ್ತದೆ. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಇಂಥದೇ ಶಿಲೀಂಧ್ರಕುಲದ ಕೊಡುಗೆ. ಆದಕಾರಣ ಅಣಬೆಯಲ್ಲಿ ಔಷಧವನ್ನು ಅರಸುವುದು ಹುಚ್ಚು ಸಾಹಸವೇನೂ ಅಲ್ಲ.

ಕೊಪ್ಪಳ ಸೀಮೆಗೂ ಅಣಬೆಗೂ ಹೊಂದಿಕೆಯುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭಾಗದ ಗದ್ದೆಗಳಲ್ಲಿ ಸುಗ್ಗಿಯ ನಂತರ ಭತ್ತದ ಹುಲ್ಲು ರಾಶಿ ರಾಶಿಯಾಗಿ ಉಳಿಯುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದ ಬೆದ್ದಲು ಭೂಮಿಯಲ್ಲಿ ಜೋಳ ಬೆಳೆಯುತ್ತದೆ. ಚಿಪ್ಪಣಬೆಯ ಬೇಸಾಯಕ್ಕೆ ಬೇಕಾದುದು ಇವೆರಡೇ: ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬೀಜವನ್ನು ತಯಾರಿಸುತ್ತಾರೆ, ನೆನೆಸಿ ಬಿಸಿಮಾಡಿದ ಭತ್ತದ ಹುಲ್ಲಿನಲ್ಲಿ ಅದನ್ನು ಬೆಳೆಸುತ್ತಾರೆ. ಸುಶ್ರುತನು ಹುಲ್ಲಿನಲ್ಲಿ ಹುಟ್ಟಿದ್ದೆಂದು ಎಣಿಸಿದ ವರ್ಗ ಇಂದು ಬೇಸಾಯದ ಬೆಳೆಯಾಗಿದೆ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯಲ್ಲಿ ಅಣಬೆಗಾಗಿಯೇ ಪ್ರಯೋಗಾಲಯವಿದೆ. ಹಿಮಾಚಲ ಪ್ರದೇಶದ ಸೋಲನ್ನಿನಲ್ಲಿ ೧೯೮೩ರಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಮುಂದೆ ಅಣಬೆ ಸಂಶೋಧನ ನಿರ್ದೇಶನಾಲಯವಾಗಿ ಬೆಳೆಯಿತು.

ಔಷಧೀಯವೆಂದು ಎಲ್ಲಕ್ಕಿಂತ ಹೆಚ್ಚು ಹೆಸರಾದ ಅಣಬೆ ಗ್ಯಾನೊಡರ್ಮ. ಮೆರುಗೆಣ್ಣೆ ಬಳಿದಂತೆ ಹೊಳೆಯುವ, ಕಟ್ಟಿಗೆಯಷ್ಟು ಗಟ್ಟಿಯಾದ ಇದನ್ನು ಚೀನೀಯರು ಲಿಂಗ್ಝಿ ಎಂದೂ ಜಪಾನೀಯರು ರೇಶಿ ಎಂದೂ ಕರೆದು ಆಯುಷ್ಯವರ್ಧಕವೆಂದು ಗೌರವಿಸಿದರು. ಕರ್ನಾಟಕದ ತೋಟಿಗರಿಗೆ ಇದೇ ಕುಲ ಶತ್ರುವಾಗಿ ಪರಿಚಿತ. ಅಡಿಕೆ ಮತ್ತು ತೆಂಗಿನ ಮರಗಳ ಬುಡವನ್ನು ಕೊಳೆಯಿಸಿ ಕೊಲ್ಲುವ ಅಣಬೆ ರೋಗಕ್ಕೆ ಗ್ಯಾನೊಡರ್ಮವೇ ಕಾರಣ. ಒಂದು ನಾಡಿನಲ್ಲಿ ಸಂಜೀವಿನಿಯೆನಿಸಿದ್ದು ಇನ್ನೊಂದು ನಾಡಿನಲ್ಲಿ ಮಾರಿಯೆನಿಸಿತು.

ಜಪಾನಿನಿಂದ ತ್ರಿಶೂರಿನವರೆಗೆ

ಅಣಬೆಯ ಸಾರವನ್ನು ಗಡ್ಡೆಯ ಮೇಲೆ ಕ್ರಮಬದ್ಧವಾಗಿ ಪ್ರಯೋಗಿಸಿದವರಲ್ಲಿ ಜಪಾನಿನ ವಿಜ್ಞಾನಿಗಳು ಮೊದಲಿಗರು. ೧೯೬೮-೬೯ರ ಸುಮಾರಿಗೆ ಇಕೆಗಾವ, ಚಿಹಾರ ಮೊದಲಾದವರು ಟೋಕಿಯೊ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಅಡುಗೆಯ ಅಣಬೆಗಳನ್ನೇ ಬಿಸಿನೀರಿನಲ್ಲಿ ಕುದಿಸಿ ಸಾರ ತೆಗೆದು, ಸಾರ್ಕೋಮ-೧೮೦ ಎಂಬ ಗಡ್ಡೆಯನ್ನು ನಾಟಿಸಿದ ಇಲಿಗಳಿಗೆ ಚುಚ್ಚಿದರು. ಹಲವು ಅಣಬೆಗಳ ಸಾರದಿಂದ ಗಡ್ಡೆಯ ಬೆಳವಣಿಗೆ ನೂರಕ್ಕೆ ೭೦ಕ್ಕಿಂತ ಹೆಚ್ಚಾಗಿ ತಗ್ಗಿತು. ಈ ಪಟ್ಟಿಯಲ್ಲಿ ಚಿಪ್ಪಣಬೆಯೂ ಇತ್ತು. ಶಿಟಾಕೆ ಎಂಬ ಅಣಬೆಯಿಂದ ಚಿಹಾರ ಮತ್ತು ಸಂಗಡಿಗರು ಲೆಂಟಿನಾನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಸಕ್ಕರೆಯ ಕಣಗಳು ಸಾಲುಗಟ್ಟಿ ಆದ ಬೃಹತ್ ಅಣು. ಅಂಥವನ್ನು ಬೀಟಾ ಗ್ಲುಕಾನ್ ಎನ್ನುತ್ತಾರೆ. ಇನ್ನೊಂದು ಮರದಣಬೆಯಿಂದ ಪಡೆದ ಕ್ರೆಸ್ಟಿನ್ ೧೯೭೭ರಲ್ಲಿಯೂ, ಲೆಂಟಿನಾನ್ ೧೯೮೫ರಲ್ಲಿಯೂ ಜಪಾನಿನಲ್ಲಿ ಔಷಧಿಗಳಾಗಿ ಅಂಗೀಕಾರ ಪಡೆದವು. ಇವೆರಡೂ ಮುಖ್ಯ ಚಿಕಿತ್ಸೆಯ ಜೊತೆಗೆ ಕೊಟ್ಟ ಸಹಾಯಕ ಔಷಧಿಗಳೆಂಬುದನ್ನು ಮರೆಯಲಾಗದು.

ಭಾರತದಲ್ಲಿ ಈ ಕಾರ್ಯ ದಕ್ಷಿಣದಲ್ಲಿಯೇ ಗಟ್ಟಿಯಾಗಿ ನಡೆದಿದೆ. ಕೇರಳದ ತ್ರಿಶೂರಿನ ಅಮಲ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಕೆ. ಕೆ. ಜನಾರ್ದನನ್, ಟಿ. ಎ. ಅಜಿತ್ ಮೊದಲಾದವರು ದಕ್ಷಿಣ ಭಾರತದಲ್ಲಿ ಬೆಳೆಯುವ ಗ್ಯಾನೊಡರ್ಮ, ಚಿಪ್ಪಣಬೆ, ಫೆಲಿನಸ್ ರೈಮೋಸಸ್ ಮುಂತಾದವನ್ನು ಪರೀಕ್ಷಿಸಿದರು. ಫೆಲಿನಸ್ ಹಲಸಿನ ಮರದ ಕಾಂಡದ ಮೇಲೆ ಬೆಳೆಯುವ ಗಟ್ಟಿ ಅಣಬೆ. ಕೇರಳದ ಕೆಲವು ಗಿರಿಜನರು ಅದನ್ನು ಮಂಗನಬಾವಿಗೆ ಮದ್ದಾಗಿ ಬಳಸುತ್ತಿದ್ದರು. ಇಲಿಗಳಲ್ಲಿ ಬೆಳೆಸಿದ ಗಡ್ಡೆಗಳ ಮೇಲೆ ಈ ಸಾರಗಳು ಪರಿಣಾಮ ತೋರಿದವು. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯಿಂದ ಮೂತ್ರಪಿಂಡಕ್ಕಾಗುವ ಹಾನಿಯನ್ನು ಗ್ಯಾನೊಡರ್ಮದ ಸಾರವು ಇಲಿಗಳಲ್ಲಿ ತಗ್ಗಿಸಿತೆಂಬುದೂ ಅಲ್ಲಿ ಕಂಡುಬಂದ ಸಂಗತಿ. ಕರ್ನಾಟಕದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ, ಮಂಗಳೂರು ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಪಶ್ಚಿಮ ಘಟ್ಟದ ಕಾಡಣಬೆಗಳನ್ನು ಸಂಗ್ರಹಿಸಿ, ಹೆಸರಿಸಿ, ಗುಣಗಳನ್ನು ದಾಖಲಿಸಿದ್ದಾರೆ. ಯಾವುದು ಯಾವ ಅಣಬೆಯೆಂದು ಮೊದಲು ಖಚಿತವಾಗದೆ ಮುಂದಿನ ಯಾವ ಪರೀಕ್ಷೆಗೂ ಬೆಲೆಯಿಲ್ಲ.

ಗಾಜಿನ ತಟ್ಟೆಯಲ್ಲಿ ನಡೆಯುವುದೇನು

ಪತ್ರಿಕೆಗಳಲ್ಲಿ ಬರುವ ಸುದ್ದಿಗಳಲ್ಲಿ ಹೆಚ್ಚಿನವು ಇಲಿಯವರೆಗೂ ಹೋಗಿರುವುದಿಲ್ಲ; ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೇ ನಿಂತಿರುತ್ತವೆ. ೧೯೫೧ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ ಅವಳ ಒಪ್ಪಿಗೆಯಿಲ್ಲದೆ ತೆಗೆದ ಕೋಶಗಳು ದೇಹದ ಹೊರಗೆ ಬದುಕಿ ವೃದ್ಧಿಯಾದವು. ಅದೇ ವರ್ಷ ಅವಳು ತೀರಿಕೊಂಡಳು. ಹೀಲಾ ಎಂಬ ಹೆಸರಿನ ಅವಳ ಕೋಶಗಳ ಸಂತಾನ ಮಾತ್ರ ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಇಂಥ ಹಲವು ಕೋಶಸಂತಾನಗಳನ್ನು ಕಾಪಾಡಿ ಭಾರತದ ಸಂಶೋಧಕರಿಗೆ ಒದಗಿಸುವ ಭಂಡಾರವು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿದೆ.

ಪರೀಕ್ಷೆಯ ಕ್ರಮ ಹೀಗೆ. ಅಣಬೆಯನ್ನು ಒಣಗಿಸಿ ಪುಡಿಮಾಡಿ ನೀರಿನಲ್ಲಿಯೋ ಮದ್ಯಸಾರದಲ್ಲಿಯೋ ನೆನೆಸಿ ಸಾರ ಇಳಿಸುತ್ತಾರೆ. ೯೬ ಸಣ್ಣ ಕುಳಿಗಳುಳ್ಳ ತಟ್ಟೆಯ ಪ್ರತಿ ಕುಳಿಯಲ್ಲಿಯೂ ಸಮಸಂಖ್ಯೆಯ ಕೋಶಗಳನ್ನಿಟ್ಟು, ಕೆಲವಕ್ಕೆ ಸಾರವನ್ನು ಏರುವ ಪ್ರಮಾಣದಲ್ಲಿ ಹಾಕುತ್ತಾರೆ. ಕೆಲವಕ್ಕೆ ಏನನ್ನೂ ಹಾಕುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಎಂಟಿಟಿ ಎಂಬ ಹಳದಿ ಬಣ್ಣವನ್ನು ಸೇರಿಸುತ್ತಾರೆ. ೧೯೮೩ರಲ್ಲಿ ಮಾಸ್ಮನ್ ಎಂಬಾತ ಪ್ರಕಟಿಸಿದ ವಿಧಾನವಿದು. ಬದುಕಿರುವ ಕೋಶವು ಹಳದಿಯನ್ನು ನೇರಳೆಯಾಗಿ ಮಾರ್ಪಡಿಸುತ್ತದೆ, ಸತ್ತದ್ದು ಮಾರ್ಪಡಿಸಲಾರದು. ನೇರಳೆ ಎಷ್ಟು ಗಾಢವೋ ಬದುಕಿರುವ ಕೋಶಗಳು ಅಷ್ಟು ಹೆಚ್ಚು. ಬಣ್ಣವನ್ನು ಯಂತ್ರದಿಂದ ಅಳೆದು, ಅರ್ಧದಷ್ಟು ಕೋಶಗಳನ್ನು ಅಡಗಿಸಲು ಎಷ್ಟು ಸಾರ ಬೇಕಾಯಿತೆಂದು ಲೆಕ್ಕ ಹಾಕುತ್ತಾರೆ. ಈ ಅಂಕೆ ಚಿಕ್ಕದಾದಷ್ಟೂ ಸಾರ ಪ್ರಬಲವೆಂದರ್ಥ. ಶುದ್ಧಿಮಾಡದ ಸಾರವಾದರೆ, ಪ್ರತಿ ಮಿಲಿಲೀಟರಿಗೆ ೨೦ರಿಂದ ೩೦ ಮೈಕ್ರೊಗ್ರಾಮಿಗಿಂತ ಕಡಿಮೆಯಿದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಯೋಗ್ಯವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ತಟ್ಟೆಗೂ ದೇಹಕ್ಕೂ ಇರುವ ಅಂತರ

ಪರೀಕ್ಷೆ ಚೊಕ್ಕವಾದುದೇ, ಆದರೆ ಅದು ಉತ್ತರ ಕೊಡುವ ಪ್ರಶ್ನೆ ಬಲು ಕಿರಿದು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಉಪ್ಪಿನ ಗಾಢ ದ್ರಾವಣವೂ ಕೊಲ್ಲುತ್ತದೆ, ಸಾಬೂನಿನ ನೀರೂ ಕೊಲ್ಲುತ್ತದೆ. ಹಾಗೆಂದು ಅವು ಔಷಧಿಗಳಾಗಲಾರವು. ಆರೋಗ್ಯವಾದ ಕೋಶವನ್ನು ಉಳಿಸಿ ರೋಗದ ಕೋಶವನ್ನು ಮಾತ್ರ ಅಳಿಸುವುದೇ ಔಷಧಿಯ ಗುಣ. ಆದ್ದರಿಂದ ಒಳ್ಳೆಯ ಸಂಶೋಧಕರು ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರವನ್ನು ಹಾಕಿ ಹೋಲಿಸುತ್ತಾರೆ. ಅಂಥ ಹೋಲಿಕೆಯಿಲ್ಲದ ವರದಿಯನ್ನು ಅರ್ಧ ವರದಿಯೆಂದೇ ತಿಳಿಯಬೇಕು.

ಇನ್ನು ಪ್ರಮಾಣದ ಮಾತು. ತಟ್ಟೆಯಲ್ಲಿ ಮಿಲಿಲೀಟರಿಗೆ ೧೦೦ ಮೈಕ್ರೊಗ್ರಾಂ ಸಾರ ಕೆಲಸ ಮಾಡಿತೆಂದು ಇಟ್ಟುಕೊಳ್ಳೋಣ. ಮನುಷ್ಯನ ದೇಹದಲ್ಲಿ ಸುಮಾರು ೫ ಲೀಟರ್ ರಕ್ತವಿದೆ. ಅಷ್ಟೂ ರಕ್ತದಲ್ಲಿ ಅದೇ ಸಾಂದ್ರತೆ ಬರಬೇಕಾದರೆ ೫೦೦ ಮಿಲಿಗ್ರಾಂ ಶುದ್ಧ ಸಾರ ಒಂದೇ ವೇಳೆ ರಕ್ತದಲ್ಲಿರಬೇಕು. ತಿಂದುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಜಠರದಲ್ಲಿ ಕೆಲವು ಕೆಡುತ್ತವೆ, ಕರುಳಿನಲ್ಲಿ ಕೆಲವು ಉಳಿಯುತ್ತವೆ, ಯಕೃತ್ತು ಕೆಲವನ್ನು ಒಡೆಯುತ್ತದೆ, ಮೂತ್ರದಲ್ಲಿ ಕೆಲವು ಹೊರಬೀಳುತ್ತವೆ. ಲೆಂಟಿನಾನಿನಂಥ ಬೃಹತ್ ಅಣುವನ್ನು ಮನುಷ್ಯನ ಜೀರ್ಣರಸ ಒಡೆಯಲಾರದು. ಅದನ್ನು ಚುಚ್ಚುಮದ್ದಾಗಿ ಕೊಟ್ಟದ್ದು ಈ ಕಾರಣದಿಂದಲೇ. ಅದೇ ಅಣಬೆಯನ್ನು ಪಲ್ಯ ಮಾಡಿ ಉಂಡರೆ ಅದೇ ಫಲ ಬರುವುದೆಂದು ನಿರೀಕ್ಷಿಸುವಂತಿಲ್ಲ.

ಲೆಂಟಿನಾನಿನ ಕಥೆಯಲ್ಲಿಯೇ ಇನ್ನೂ ದೊಡ್ಡ ಪಾಠವೊಂದಿದೆ. ಅದು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವ ವಸ್ತುವೇ ಅಲ್ಲ. ದೇಹದ ರಕ್ಷಣಾಪಡೆಯಾದ ಬಿಳಿಯ ರಕ್ತಕಣಗಳನ್ನು ಎಚ್ಚರಿಸಿ, ಅವುಗಳ ಮೂಲಕ ಗಡ್ಡೆಯನ್ನು ಎದುರಿಸುತ್ತದೆ. ಆ ಕಣಗಳಲ್ಲಿ ಒಂದು ಬಗೆಯನ್ನು ಪಕ್ವಗೊಳಿಸುವ ಥೈಮಸ್ ಗ್ರಂಥಿಯನ್ನು ತೆಗೆದ ಇಲಿಗಳಲ್ಲಿ ಲೆಂಟಿನಾನಿನ ಪ್ರಭಾವ ಕುಂದಿತೆಂದು ೧೯೭೧ರಲ್ಲಿ ಜಪಾನೀಯರೇ ತೋರಿಸಿದರು. ತಟ್ಟೆಯ ಪರೀಕ್ಷೆಯೊಂದನ್ನೇ ನಂಬಿದ್ದರೆ ಲೆಂಟಿನಾನನ್ನು ನಿಷ್ಪ್ರಯೋಜಕವೆಂದು ಎಸೆದುಬಿಡುತ್ತಿದ್ದರು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಓಂಫಲೋಟಸ್ ಎಂಬ ವಿಷದ ಅಣಬೆಯಲ್ಲಿರುವ ಇಲ್ಯೂಡಿನ್ ಎಂಬ ವಸ್ತು ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲುತ್ತದೆ. ಆದರೆ ದೇಹಕ್ಕೂ ಅದು ಅಷ್ಟೇ ವಿಷ. ಅದನ್ನು ಸೌಮ್ಯಗೊಳಿಸಿ ತಯಾರಿಸಿದ ಇರೊಫುಲ್ವೆನ್ ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋದರೂ ಅಂಗೀಕೃತ ಔಷಧಿಯಾಗಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಸೋತಿತು; ತಟ್ಟೆಯಲ್ಲಿ ಸುಮ್ಮನಿದ್ದದ್ದು ದೇಹದಲ್ಲಿ ಕೆಲಸ ಮಾಡಿತು. ಯುಕ್ತಿಯಿಂದ ಬಳಸಿದರೆ ವಿಷವೂ ಮದ್ದಾಗುವುದು, ತಪ್ಪಿ ಬಳಸಿದರೆ ಮದ್ದೂ ವಿಷವಾಗುವುದೆಂಬುದು ಚರಕನ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯಕ್ಕಾಗಿಯೇ ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ ನಾಡಿಗೆ ಈ ವಿವೇಕ ಹೊಸದಲ್ಲ.

ಮನುಷ್ಯರ ಮೇಲಿನ ಪರೀಕ್ಷೆ ಏನು ಹೇಳುತ್ತದೆ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಬಳಗವು ಗ್ಯಾನೊಡರ್ಮದ ವಿಷಯದಲ್ಲಿ ೨೦೧೬ರಲ್ಲಿ ವಿಮರ್ಶೆಯೊಂದನ್ನು ಪ್ರಕಟಿಸಿತು. ನಿಯಮಕ್ಕೆ ಒಳಪಟ್ಟ ಪ್ರಯೋಗಗಳು ದೊರೆತದ್ದು ೫ ಮಾತ್ರ. ಅವುಗಳಲ್ಲಿದ್ದ ರೋಗಿಗಳು ೩೭೩. ಮುಖ್ಯ ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಅಣಬೆ ಸ್ವಲ್ಪ ನೆರವಾಗಬಹುದು, ಆದರೆ ಅದನ್ನೇ ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲವೆಂಬುದು ಅವರ ತೀರ್ಮಾನ. ಅರ್ಧ ಶತಮಾನದ ಶ್ರಮದ ನಂತರ ಸಂಶೋಧನೆ ಬಂದು ನಿಂತಿರುವ ಮೆಟ್ಟಿಲು ಇದು.

ಕಾಶಿಕಣಗಿಲೆಯ ನಿದರ್ಶನ

ಹಾಗಾದರೆ ಪ್ರಕೃತಿಯ ವಸ್ತು ಎಂದಿಗೂ ಕ್ಯಾನ್ಸರಿಗೆ ಔಷಧಿಯಾಗದೆ? ಆಗಿದೆ. ಕೊಪ್ಪಳದ ಬಿಸಿಲಿಗೂ ಜಗ್ಗದೆ ಮನೆಯಂಗಳದಲ್ಲಿ ವರ್ಷವಿಡೀ ಹೂಬಿಡುವ ಕಾಶಿಕಣಗಿಲೆ ಅಥವಾ ಸದಾಪುಷ್ಪವೇ ಅದಕ್ಕೆ ಸಾಕ್ಷಿ. ಮಧುಮೇಹಕ್ಕೆ ಮದ್ದೆಂಬ ನಂಬಿಕೆಯಿಂದ ಅದರ ಎಲೆಯ ಸಾರವನ್ನು ಕೆನಡ ದೇಶದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಕೊಟ್ಟರು. ಸಕ್ಕರೆ ತಗ್ಗಲಿಲ್ಲ, ಬಿಳಿಯ ರಕ್ತಕಣಗಳು ತಗ್ಗಿದವು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ರಕ್ತಕ್ಯಾನ್ಸರಿಗೆ ಇದು ಉಪಯೋಗವಾದೀತೆಂಬ ಎಳೆ ಹಿಡಿದು ಸಾಗಿದ ಸಂಶೋಧನೆ ೧೯೫೮ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಹೊರತಂದಿತು. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ೧೯೬೩ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದು ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಅದನ್ನು ಶುದ್ಧಿಗೊಳಿಸಿ, ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆದು, ವೈದ್ಯರ ಕಣ್ಣಮುಂದೆ ರಕ್ತನಾಳಕ್ಕೆ ಕೊಡುತ್ತಾರೆ. ಅಂಗಳದ ಗಿಡದ ಎಲೆಯನ್ನು ಅರೆದು ಮಗುವಿಗೆ ಕುಡಿಸಿದರೆ ರೋಗ ಹೋಗದು, ಮಗುವಿಗೇ ಅಪಾಯವಾದೀತು. ಅಣಬೆ ಇನ್ನೂ ದಾಟದ ದಾರಿಯನ್ನು ಈ ಗಿಡ ದಾಟಿದೆ.

ಮನೆಮನೆಗೆ ಸಂಬಂಧಿಸಿದ ಮಾತು

ಈ ವಿಚಾರ ಪಂಡಿತರ ಚರ್ಚೆಗಷ್ಟೇ ಸೀಮಿತವಲ್ಲ. ಕ್ಯಾನ್ಸರ್ ಎಂಬ ಪದ ಮನೆಯ ಹೊಸ್ತಿಲು ದಾಟಿದೊಡನೆ ಆ ಮನೆಯವರ ಧೈರ್ಯ ಕುಸಿಯುತ್ತದೆ. ಶಸ್ತ್ರಚಿಕಿತ್ಸೆಯ ಭಯ, ಪರಸ್ಥಳದ ಅಲೆದಾಟ, ಖರ್ಚಿನ ಚಿಂತೆ ಒಟ್ಟಿಗೆ ಮುತ್ತುತ್ತವೆ. ಆಗ ಯಾರಾದರೂ ನೋವಿಲ್ಲದ ಪುಡಿಯೊಂದಿದೆಯೆಂದರೆ ಮನಸ್ಸು ಅತ್ತ ವಾಲುವುದು ಸಹಜ. ಹಣ ಹೋದರೆ ಮತ್ತೆ ಗಳಿಸಬಹುದು. ಆ ಪುಡಿಯನ್ನು ನಂಬಿ ಕಳೆದ ನಾಲ್ಕಾರು ತಿಂಗಳನ್ನು ಮರಳಿ ಪಡೆಯುವಂತಿಲ್ಲ. ಬಾಯಿಯ, ಸ್ತನದ, ಗರ್ಭಕೊರಳಿನ ಕ್ಯಾನ್ಸರನ್ನು ಆರಂಭದಲ್ಲಿಯೇ ಗುರುತಿಸಿದರೆ ಗುಣವಾಗುವ ಸಂಭವ ಬಹಳ ಹೆಚ್ಚು. ತಡವಾದಷ್ಟೂ ಅದು ಕಡಿಮೆ. ಕ್ಯಾನ್ಸರನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ೧೯೫೪ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿರುವುದು ಈ ಕಾರಣಕ್ಕಾಗಿಯೇ.

ಅಣಬೆಯನ್ನು ಆಹಾರವಾಗಿ ತಿನ್ನುವುದಕ್ಕೆ ಯಾವ ಆಕ್ಷೇಪವೂ ಇಲ್ಲ. ಬೇಸಾಯ ಮಾಡಿ ಬೆಳೆದ ಚಿಪ್ಪಣಬೆ ಪೌಷ್ಟಿಕವಾದುದು. ಆದರೆ ಕಾಡಿನ ಅಪರಿಚಿತ ಅಣಬೆಯನ್ನು ಮುಟ್ಟಬಾರದು. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗದು, ಯಕೃತ್ತನ್ನೇ ನಾಶಮಾಡುತ್ತದೆ. ಗ್ಯಾನೊಡರ್ಮದ ಪುಡಿಯೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಹುದು. ಚಿಕಿತ್ಸೆಯಲ್ಲಿರುವ ರೋಗಿ ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಕೊಪ್ಪಳದಲ್ಲಿಯೇ ಇಂದು ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಡೆದುಬಂದಿದೆ. ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು, ಅಕಾಲದ ರಕ್ತಸ್ರಾವ ಕಂಡಾಗ ಮೊದಲ ಹೆಜ್ಜೆ ಆ ಕಡೆಗೆ ಬೀಳಬೇಕು. ತಂಬಾಕು, ಗುಟಖಾಗಳನ್ನು ಬಿಡುವುದು ಯಾವ ಅಣಬೆಯ ಸಾರಕ್ಕಿಂತಲೂ ಖಚಿತವಾದ ರಕ್ಷೆ.

ಶಾಲೆಯ ಪಾಲಿನ ಕೆಲಸವೂ ಇಲ್ಲಿದೆ. ಅಂಗಡಿಯ ಚಿಪ್ಪಣಬೆಯನ್ನು ಕುದಿಸಿ ಸೋಸಿದ ನೀರನ್ನು ಒಂದು ತಟ್ಟೆಯ ಜೋಳದ ಕಾಳಿಗೂ, ಅದರ ಅರ್ಧ ಸಾಂದ್ರತೆಯದನ್ನು ಇನ್ನೊಂದಕ್ಕೂ, ಬರಿಯ ನೀರನ್ನು ಮೂರನೆಯದಕ್ಕೂ ಹಾಕಿ, ಮೊಳಕೆಗಳನ್ನು ಮಕ್ಕಳಿಂದಲೇ ಎಣಿಸಿ ಬರೆಯಿಸಬಹುದು. ಬರಿಯ ನೀರಿನ ಆ ಮೂರನೆಯ ತಟ್ಟೆ ಏಕೆ ಬೇಕೆಂದು ಕೇಳುವ ವಿದ್ಯಾರ್ಥಿಗೆ ಉತ್ತರ ತಿಳಿದರೆ ಆಧುನಿಕ ವಿಜ್ಞಾನದ ಮರ್ಮವೇ ತಿಳಿದಂತೆ. ಹೋಲಿಕೆಯಿಲ್ಲದೆ ಫಲವನ್ನು ನಂಬಬಾರದೆಂಬುದೇ ಆ ಮರ್ಮ. ದಾನಿಗಳು ಪ್ರಯೋಗಾಲಯಕ್ಕೆ ಕೊಡುವ ಸೂಕ್ಷ್ಮದರ್ಶಕ, ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಹೇಳುವ ನಾಲ್ಕು ತಿಳಿವಿನ ಮಾತು, ಅಧ್ಯಾಪಕರು ತಾಳ್ಮೆಯಿಂದ ಮಾಡಿ ತೋರಿಸುವ ಇಂಥ ಪ್ರಯೋಗ ಇವು ಕೂಡಿದಾಗ ಊರಿನಲ್ಲಿ ಪ್ರಶ್ನೆ ಕೇಳುವ ಒಂದು ತಲೆಮಾರು ಬೆಳೆಯುತ್ತದೆ. ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯನ ಮೇಲೋ ಈ ಪರೀಕ್ಷೆ ನಡೆದದ್ದೆಂದು ಮಾರುವವನನ್ನು ಕೇಳಬಲ್ಲ ಒಬ್ಬ ಹುಡುಗಿ ಮನೆಯಲ್ಲಿದ್ದರೆ, ಆ ಮನೆಯ ಹಿರಿಯರು ಸಕಾಲದಲ್ಲಿ ಆಸ್ಪತ್ರೆಯ ಬಾಗಿಲನ್ನು ತಲುಪಿಯಾರು.